ಅಕ್ಕನ ಹೆಸರಿನ ಸೋಲಾರ್ ದೀಪ

ಯಾವ ವಸ್ತುವನ್ನು ಕಂಡರೂ ಅದು ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ಮೊದಲು ಕೇಳುವುದು ನಮ್ಮ ಕಡೆಯವರ ಹುಟ್ಟುಗುಣ. ಬೆಲೆ, ಬಣ್ಣ, ಅಂದಚಂದ ಎಲ್ಲ ಆಮೇಲಿನ ಮಾತು. ತಿಪಟೂರಿನ ಪೇಟೆಯಲ್ಲಿ ಛತ್ರಿ ಕೊಳ್ಳುವವನು ಅದನ್ನು ಹತ್ತು ಸಲ ಬಿಚ್ಚಿ, ಹತ್ತು ಸಲ ಮಡಚಿ, ಅಂಗಡಿಯವನ ಮುಖ ಸಣ್ಣದಾಗುವ ತನಕ ಇದೊಂದೇ ಪ್ರಶ್ನೆ ಕೇಳುತ್ತಾನೆ. ಹೆಣ್ಣು ಕೊಡುವವರು ಗಂಡು ನೋಡಲು ಹೋದಾಗಲೂ ಮನಸ್ಸಿನಲ್ಲಿರುವುದು ಇದೇ. ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ. ನನ್ನ ಮಾವನವರು ಮದುವೆಗೆ ಮೊದಲು ನನ್ನ ಮಣಿಕಟ್ಟು ಹಿಡಿದು ಎರಡು ನಿಮಿಷ ಸುಮ್ಮನೆ ಕೂತಿದ್ದರು. ಪ್ರೀತಿ ಅಂದುಕೊಂಡಿದ್ದೆ. ಇದಕ್ಕೆಲ್ಲ ತೆಂಗಿನ ಮರವೇ ಕಾರಣ ಎಂದು ನನ್ನ ಊಹೆ. ತಾತ ನೆಟ್ಟ ಮರದ ಕಾಯನ್ನು ಮೊಮ್ಮಗ ಕೀಳಿಸುವ ಸೀಮೆಯಲ್ಲಿ ಹುಟ್ಟಿದವರಿಗೆ ಉಳಿದದ್ದೆಲ್ಲ ಇವತ್ತು ಇದ್ದು ನಾಳೆ ಹೋಗುವ ಸಾಮಾನಾಗಿಯೇ ಕಾಣುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟರು. ಬಾಳಿಕೆಯ ಪ್ರಶ್ನೆಗೆ ಶಾಸ್ತ್ರೀಯವಾಗಿ ಉತ್ತರ ಹೇಳಬಲ್ಲೆ ಎಂಬ ಜಂಬ ಬಹಳ ಕಾಲ ಇತ್ತು. ಆ ಜಂಬ ಇಳಿದ ಕಥೆಯನ್ನು ಹೇಳಲು ನಾಚಿಕೆಯಾಗುತ್ತದೆ. ಹೇಳದೆ ಇಟ್ಟುಕೊಂಡರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನಮ್ಮ ಮನೆ ಬಿಳಿಗೆರೆಯ ಹತ್ತಿರ, ಊರಿನಿಂದ ಒಂದು ಮೈಲಿ ಒಳಗೆ, ತೋಟದ ನಡುವೆ. ಕರೆಂಟಿನ ಕಂಬಗಳು ಊರಬಾಗಿಲ ತನಕ ಬಂದು, ಇನ್ನು ನಮ್ಮಿಂದಾಗದು ಎಂಬಂತೆ ಅಲ್ಲೇ ನಿಂತುಬಿಟ್ಟಿದ್ದವು. ಮನೆಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ ಸರೋಜ, ನನ್ನ ಅಕ್ಕ ಸಿದ್ದಮ್ಮ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಮದುವೆಯಾಗಿ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಬಂದ ವರ್ಷವೇ ನಮ್ಮ ಅವ್ವ ತೀರಿಕೊಂಡಳು. ನನಗಾಗ ಆರೋ ಏಳೋ. ಅಂದಿನಿಂದ ಅವಳೇ ಅವ್ವ. ನನ್ನನ್ನು ಓದಿಸಲೇಬೇಕೆಂದು ಅಪ್ಪನ ಹತ್ತಿರ ಹಟ ಹಿಡಿದವಳು ಅವಳು. ತಾನು ಮಾತ್ರ ಅಕ್ಷರ ಕಲಿಯಲಿಲ್ಲ. ದನ, ಒಲೆ, ತಮ್ಮ, ಈ ಮೂರರ ನಡುವೆ ಕಲಿಯಲು ಪುರಸೊತ್ತು ಎಲ್ಲಿತ್ತು? ನಾನು ಸೀಮೆಎಣ್ಣೆ ಬುಡ್ಡಿಯ ಮುಂದೆ ಗಟ್ಟಿಯಾಗಿ ಪಾಠ ಒಪ್ಪಿಸುವಾಗ ಎದುರಿಗೆ ಕೂತು, ಅರ್ಥವಾಗದಿದ್ದರೂ ತಲೆದೂಗುತ್ತಿದ್ದಳು. ತಪ್ಪು ಹೇಳಿದರೂ ಅಷ್ಟೇ ಗಂಭೀರವಾಗಿ ತಲೆದೂಗುತ್ತಿದ್ದಳು. ಅಂಥ ಒಳ್ಳೆಯ ವಿದ್ಯಾರ್ಥಿ ಆಮೇಲೆ ನನಗೆ ಯಾವ ಕ್ಲಾಸಿನಲ್ಲೂ ಸಿಗಲಿಲ್ಲ.

ಒಲೆಯ ಹೊಗೆ, ಬುಡ್ಡಿಯ ಹೊಗೆ, ಕೊಬ್ಬರಿ ಅಟ್ಟದ ಕೆಳಗೆ ಮಳೆಗಾಲದಲ್ಲಿ ಹಾಕುವ ಹೊಗೆ, ಎಲ್ಲ ಸೇರಿ ಐವತ್ತರ ಹೊತ್ತಿಗೆ ಅವಳ ಎದೆ ಹಾಳಾಗಿತ್ತು. ಸಂಜೆ ದೀಪ ಹಚ್ಚಿದರೆ ಕೆಮ್ಮು ಶುರು. ಕೆಮ್ಮಿ ಕೆಮ್ಮಿ ಕಂಬ ಹಿಡಿದುಕೊಂಡು ನಿಲ್ಲುತ್ತಿದ್ದಳು. ತಿಪಟೂರಿನಲ್ಲಿ ಡಾಕ್ಟರಿಗೆ ತೋರಿಸಿದೆ. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ಹೋಗಿ ನಮ್ಮ ಸೀಮೆಯ ಆ ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಕೇಳಿದೆ. "ಹೊಗೆಯಿಂದ ದೂರ ಇಟ್ರೆ ಇನ್ನೂ ಎಷ್ಟೋ ವರ್ಷ ಇರ್ತಾರೆ ಮೇಷ್ಟ್ರೇ. ಇಡದಿದ್ರೆ ಮತ್ತೆ ನನ್ನ ಕೇಳಬೇಡಿ" ಎಂದರು ಡಾಕ್ಟರು. ಅಂದಿನಿಂದ ಒಲೆಯನ್ನು ಸರೋಜ ವಹಿಸಿಕೊಂಡಳು. ಅಟ್ಟದ ಹೊಗೆ ನಿಂತಿತು. ಉಳಿದದ್ದು ದೀಪ.

ಅದೇ ಸುಮಾರಿಗೆ, ಕಂಬ ಕಾಣದ ಮನೆಗಳಿಗೆ ಬಿಸಿಲಿನಿಂದ ಉರಿಯುವ ದೀಪವನ್ನು ಸರ್ಕಾರದ ಯಾವುದೋ ಯೋಜನೆಯಲ್ಲಿ ಪರೀಕ್ಷೆಗೆಂದು ಕೊಡುತ್ತಿದ್ದಾರೆ, ವಿಧವೆಯರ ಹೆಸರಿನಲ್ಲಿ ಅರ್ಜಿ ಹಾಕಿದರೆ ಬೇಗ ಸಿಗುತ್ತದೆ ಎಂದು ಗೊತ್ತಾಯಿತು. ಅಕ್ಕನ ಹೆಸರಿನಲ್ಲಿ ಹಾಕಿದೆ. ಅವಳ ಹೆಬ್ಬೆಟ್ಟು ಒತ್ತಿಸಿದೆ. ಎಂಟು ತಿಂಗಳಿಗೆ ಜೀಪಿನಲ್ಲಿ ಒಬ್ಬ ಎಂಜಿನಿಯರು, ಒಂದು ಗಾಜಿನ ಹಲಗೆ, ಒಂದು ಬ್ಯಾಟರಿ, ಎರಡು ಟ್ಯೂಬ್‌ಲೈಟು ಬಂದು ಇಳಿದವು. ಎಂಜಿನಿಯರು ಮನೆಯ ಸುತ್ತ ಎರಡು ಸುತ್ತು ಹಾಕಿ, ಹೆಂಚಿನ ಮೇಲೆಲ್ಲ ನೆರಳು ಬೀಳುತ್ತದೆ, ಈ ಎರಡು ಮರ ಕಡಿಸಿದರೆ ಅನುಕೂಲ ಎಂದರು. ಅಕ್ಕ ಗಾಬರಿಯಾದಳು. "ದೀಪ ಹಚ್ಚಕ್ಕೆ ಮನೆ ಮಕ್ಕಳನ್ನ ಕಡೀತಾರೇನಪ್ಪ? ನಿನ್ ದೀಪ ಬ್ಯಾಡ, ತಗಂಡೋಗು" ಎಂದಳು. ಕೊನೆಗೆ ಮರ ಇಲ್ಲದ ಜಾಗವೆಂದರೆ ರಾಗಿ ಕಣ ಒಂದೇ ಎಂದು ಅಲ್ಲೇ ಕಂಬ ನೆಟ್ಟು, ಹಲಗೆ ಕೂರಿಸಿ, ಅಲ್ಲಿಂದ ಹಜಾರದ ಮೂಲೆಯ ಬ್ಯಾಟರಿಗೆ ತಂತಿ ಎಳೆದರು. ಹಲಗೆಯ ಕೆಳಗೆ ಒಂದು ತಗಡು. ಅದರ ಮೇಲೆ ಬಿಳಿ ಬಣ್ಣದಲ್ಲಿ ಫಲಾನುಭವಿ ಸಿದ್ದಮ್ಮ ಎಂದು ಬರೆದಿತ್ತು. ಅದನ್ನು ಅಕ್ಕ ನನ್ನಿಂದ ಮೂರು ಸಲ ಓದಿಸಿದಳು. ಮೂರನೆಯ ಸಲ ಓದುವಾಗ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದಳು.

ಕೆಲಸ ಮುಗಿಯುತ್ತಿದ್ದಂತೆ ಅವಳು ಕೇಳಿಯೇಬಿಟ್ಟಳು: "ಇದು ಎಷ್ಟ್ ದಿನ ಬಾಳಿಕೆ ಬತ್ತದಪ್ಪ?"

"ಪ್ಯಾನೆಲ್ಲು ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲಮ್ಮ" ಎಂದರು ಎಂಜಿನಿಯರು, ನಾವು ಬೆರಗಾಗುತ್ತೇವೆಂದು ಕಾಯುತ್ತ.

"ಅಷ್ಟೇನಾ? ಅಷ್ಟೊತ್ತಿಗೆ ತೆಂಗಿನ ಮರ ಈಗ ತಾನೆ ಮೈದುಂಬ್ಕಂಡು ಬುಡ್ತಾ ಇರ್ತದಲ್ಲ" ಎಂದಳು ಅಕ್ಕ. ಆ ಮನುಷ್ಯ ಪೆಚ್ಚಾಗಿ ನನ್ನ ಕಡೆ ತಿರುಗಿದರು. ಟ್ಯೂಬು ಒಂದೆರಡು ವರ್ಷ, ಅದು ದೊಡ್ಡ ವಿಷಯವಲ್ಲ. ಬ್ಯಾಟರಿ ಮಾತ್ರ ನಿಮ್ಮ ಕೈಲಿದೆ, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದರೆ ನಾಲ್ಕೈದು ವರ್ಷ, ಹಾಕದಿದ್ದರೆ ಒಂದೂವರೆ ವರ್ಷವೂ ಕಷ್ಟ ಎಂದರು. ನಾನು ನಕ್ಕು, "ಸಾರ್, ನಾನೇ ವಿಜ್ಞಾನದ ಮೇಷ್ಟ್ರು" ಎಂದೆ. ಅವರು ನೆಮ್ಮದಿಯಿಂದ ಜೀಪು ಹತ್ತಿದರು.

ಆ ಸಂಜೆ ಸ್ವಿಚ್ಚು ಒತ್ತಿದಾಗ ಹಜಾರದ ಗೋಡೆಗಳ ಮಸಿಯೆಲ್ಲ ಒಮ್ಮೆಗೇ ಕಣ್ಣಿಗೆ ಬಿತ್ತು. ಸರೋಜ ನಾಚಿಕೊಂಡು ಪೊರಕೆ ತಂದಳು. ಪಕ್ಕದ ತೋಟದ ರಂಗಪ್ಪ ಬಂದು ಅರ್ಧ ಗಂಟೆ ಟ್ಯೂಬನ್ನೇ ನೋಡಿ, "ಬಿಸ್ಲು ನಮ್ ತೋಟಕ್ಕೂ ಅಷ್ಟೇ ಬೀಳ್ತದೆ ಕಣ್ಲಾ ಶಿವಣ್ಣ. ನಮಗ್ಯಾಕೆ ಹಿಂಗೆ ಉರಿಯಕಿಲ್ಲ?" ಎಂದು ಸರ್ಕಾರದ ಮೇಲಿನ ಕೋಪವನ್ನು ಸೂರ್ಯನ ಮೇಲೆ ತೀರಿಸಿಕೊಂಡು ಹೋದ. ಅಕ್ಕ ಟ್ಯೂಬಿನ ಕೆಳಗೆ ಚಾಪೆ ಹಾಸಿಕೊಂಡು, ದೇವರಿಗೆ ಹತ್ತಿ ಹೊಸೆಯುತ್ತ ಕೂತಳು. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು, ಅವಳು ಕೆಮ್ಮಲಿಲ್ಲ. ಕೆಮ್ಮಿಲ್ಲದ ಸಂಜೆ ನಮ್ಮ ಮನೆಯಲ್ಲಿ ಎಷ್ಟು ದೊಡ್ಡದಾಗಿತ್ತೆಂದರೆ ಹೊತ್ತು ಹೇಗೆ ಕಳೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. "ಎದೆ ಹಗುರಾಯ್ತು ಕಣಪ್ಪ ಶಿವು" ಎಂದಳು. ನಾನು, ಟ್ಯೂಬಿಗೆ ಹುಳ ಮುತ್ತುತ್ತಿದೆ ಎಂದು ಏನೋ ಹೇಳಿ ಹೊರಗೆ ಎದ್ದುಹೋದೆ.

ಮರುದಿನದಿಂದ ದೀಪದ ಚಾಕರಿ ಅವಳದು. ಬೆಳಿಗ್ಗೆ ಸ್ನಾನವಾದೊಡನೆ ಕಣಕ್ಕೆ ಹೋಗಿ, ಹಳೆಯ ಪಂಚೆಯ ಚೂರಿನಿಂದ ಗಾಜು ಒರೆಸಿ, ಕಾಗೆಗಳಿಗೆ ಬೈದು ಬರುವಳು. ಹೀಗಿರುವಾಗ ಒಂದು ದಿನ, ಬ್ಯಾಟರಿಗೆ ಹಾಕುವ ನೀರು ಎಂಥದು ಎಂದು ಕೇಳಿದಳು. ಮೇಷ್ಟರಿಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ. ಡಿಸ್ಟಿಲ್ಡ್ ವಾಟರ್ ಎಂದರೆ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ನೀರು, ಬೇರೆ ಏನನ್ನೂ ಹಾಕಬೇಡ ಎಂದು ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಜಗತ್ತಿನ ನೀರುಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದೆ. "ನೋಡಕ್ಕ, ಬಾವಿ ನೀರು ಆಗಲ್ಲ, ಅದರಲ್ಲಿ ಉಪ್ಪಿರುತ್ತೆ. ಕೆರೆ ನೀರು ಆಗಲ್ಲ, ಮಣ್ಣಿರುತ್ತೆ. ಕಾಯಿಸಿದ ನೀರೂ ಆಗಲ್ಲ. ಮಣ್ಣು ಸೋಕಿರಬಾರದು, ಪಾತ್ರೆ ಸೋಕಿರಬಾರದು, ಒಬ್ಬರ ಕೈ ಮುಟ್ಟಿರಬಾರದು. ಭೂಮಿ ಮೇಲಿನ ಎಲ್ಲಕ್ಕಿಂತ ಶುದ್ಧವಾದ ನೀರು ಅದು" ಎಂದು ಕೈಯೆತ್ತಿ ಹೇಳಿದೆ. ಅವಳು ಹಿಂದಿನಂತೆಯೇ ಗಂಭೀರವಾಗಿ ತಲೆದೂಗಿದಳು. ಈ ಸಲ ಅವಳಿಗೆ ಅರ್ಥವಾಗಿತ್ತು.

ಮೊದಲ ಬಾಟಲಿ ತಂದೆ, ಹಾಕಿದೆ. ಎರಡನೆಯದನ್ನೂ ತಂದೆ. ಆಮೇಲೆ ಮರೆಯತೊಡಗಿದೆ. ವಾರಕ್ಕೊಮ್ಮೆ ತಿಪಟೂರಿಗೆ ಹೋಗುತ್ತಿದ್ದೆ. ಬ್ಯಾಟರಿ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇತ್ತು. ಕೊಬ್ಬರಿ ಧಾರಣೆ ವಿಚಾರಿಸಲು ನೆನಪಿರುತ್ತಿತ್ತು, ಗೆಳೆಯರ ಜೊತೆ ದೋಸೆ ತಿನ್ನಲು ನೆನಪಿರುತ್ತಿತ್ತು. ಬಸ್ಸು ಹೊರಟು ಊರು ದಾಟಿದ ಮೇಲೆ ಬಾಟಲಿಯ ನೆನಪಾಗಿ ತುಟಿ ಕಚ್ಚಿಕೊಳ್ಳುತ್ತಿದ್ದೆ. ಇನ್ನೂ ನಾಚಿಕೆಯ ವಿಷಯ ಒಂದಿದೆ. ನಮ್ಮ ಸ್ಕೂಲಿನ ಪ್ರಯೋಗಶಾಲೆಯಲ್ಲಿ ನೀರನ್ನು ಭಟ್ಟಿ ಇಳಿಸುವ ಗಾಜಿನ ಸಾಮಾನು ಪೂರ್ತಿ ಇತ್ತು. ಪ್ರತಿ ವರ್ಷ ಮಕ್ಕಳ ಮುಂದೆ ಆ ಪ್ರಯೋಗ ಮಾಡಿ, ಹನಿಹನಿಯಾಗಿ ಕೂಡಿದ ಆ ನೀರನ್ನು ಸ್ಕೂಲಿನ ಗುಲಾಬಿ ಗಿಡಕ್ಕೆ ಸುರಿದು ಮನೆಗೆ ಬರುತ್ತಿದ್ದೆ. ಅಕ್ಕ ತಿಂಗಳ ಮೊದಲಿಗೊಮ್ಮೆ ನೆನಪು ಮಾಡುವಳು: "ಶಿವು, ಬ್ಯಾಟ್ರಿ ನೀರು ತಂದ್ಯೇನಪ್ಪ?" ಮುಂದಿನ ವಾರ ತರುತ್ತೇನೆ ಎನ್ನುವೆ. ಮೂರ್ನಾಲ್ಕು ಸಲ ಹೀಗಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ನಾನು, ಸದ್ಯ, ಕಾಟ ತಪ್ಪಿತು ಅಂದುಕೊಂಡೆ.

ಒಂದೂವರೆ ವರ್ಷ ತುಂಬುವ ಹೊತ್ತಿಗೆ ಒಂದು ಸಂಜೆ ಸ್ಕೂಲಿನಿಂದ ಬಂದು ನೋಡುತ್ತೇನೆ: ಬ್ಯಾಟರಿಯ ಆರೂ ಮುಚ್ಚಳ ತೆರೆದಿವೆ, ಒಳಗಿನಿಂದ ನೊರೆ ಉಕ್ಕಿ ನೆಲಕ್ಕೆ ಹರಿದಿದೆ, ಹುಳಿವಾಸನೆ ಹಜಾರವನ್ನೆಲ್ಲ ತುಂಬಿದೆ. ಪಕ್ಕದಲ್ಲಿ ಕೆತ್ತಿದ ಆರು ಎಳನೀರು ಬುರುಡೆ, ಒಂದು ತೆಳ್ಳನೆಯ ಬಿಳಿ ಬಟ್ಟೆ. ಅಕ್ಕ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಳು.

"ನೀರು ತಳ ಮುಟ್ಟಿತ್ತು ಕಣಪ್ಪ. ನೀನು ಪಾಪ, ಎಲ್ಡು ಕಡೆ ಓಡಾಡ್ತೀಯ, ಎಷ್ಟು ಅಂತ ಗ್ಯಾಪಕ ಇಟ್ಕತೀಯ? ಬಾವಿ ಹತ್ರದ ಮರದಲ್ಲಿ ರಂಗಪ್ಪನ ಕೈಲಿ ಎಳನೀರು ಇಳಿಸ್ದೆ. ಮಣ್ಣು ಸೋಕಿಲ್ಲ, ಪಾತ್ರೆ ಸೋಕಿಲ್ಲ, ಯಾರ ಕೈನೂ ಮುಟ್ಟಿಲ್ಲ. ದೇವ್ರ ತಲೆ ಮ್ಯಾಲೆ ಹುಯ್ಯೋದು. ಅದಕ್ಕಿಂತ ಶುದ್ಧದ ನೀರು ಇನ್ನೇನೈತೆ ಅಂತ, ಬಟ್ಟೆ ಒಗೆದು ಸೋಸಿ, ಒಂದೊಂದಕ್ಕೆ ಒಂದೊಂದು ಕಾಯಿ ಹುಯ್ದೆ."

ಇಂದು ಕೂತು ಯೋಚಿಸಿದರೆ ಆ ವಾದದಲ್ಲಿ ಒಂದು ತಪ್ಪೂ ಸಿಗುವುದಿಲ್ಲ. ನನ್ನ ಪಾಠವನ್ನು ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಚೆನ್ನಾಗಿ ಒಪ್ಪಿಸಿರಲಿಲ್ಲ. ಅಂದು ನನಗೆ ಕಂಡದ್ದು ಹಾಳಾದ ಬ್ಯಾಟರಿ ಮಾತ್ರ. ಕೂಗಾಡಿದೆ. "ಎರಡಕ್ಷರ ಓದಿದ್ದರೆ ಇಂಥ ದಡ್ಡ ಕೆಲಸ ಮಾಡ್ತಿದ್ಯಾ ಅಕ್ಕ? ಗೊತ್ತಿಲ್ಲದ್ದಕ್ಕೆ ಯಾಕೆ ಕೈ ಹಾಕ್ತೀಯ?" ಎಂದೆ. ಅವಳು ಓದದೆ ಉಳಿದದ್ದರಿಂದಲೇ ನಾನು ಓದಿದ್ದು ಎಂಬುದು ಆ ಕ್ಷಣಕ್ಕೆ ಮರೆತೇಹೋಗಿತ್ತು. ಅಕ್ಕ ಆರು ಬುರುಡೆಗಳನ್ನೂ ಮಡಿಲಲ್ಲಿ ತುಂಬಿಕೊಂಡು ಹಿತ್ತಿಲಿಗೆ ಹೋದಳು. ಸರೋಜ ನೆಲ ಒರೆಸುತ್ತಿದ್ದವಳು ತಲೆಯೆತ್ತಿ, "ಬಯ್ದಿದ್ದು ಆಯ್ತಲ್ಲ. ನೀವು ಒಂದು ಬಾಟ್ಲಿ ತಂದಿದ್ರೆ ಈ ಮಾತೇ ಇರ್ತಿರ್ಲಿಲ್ಲ ಕಣ್ರೀ" ಎಂದಳು. ಹೆಂಡತಿಯ ಮಾತು ಸರಿಯಿದ್ದಾಗ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ಕೇಳಿಸದವನಂತೆ ಕೈಕಾಲು ತೊಳೆಯಲು ಹೋದೆ.

ಹೊಸ ಬ್ಯಾಟರಿ ಬೇಕಾದರೆ ಹಳೆಯದು ಏಕೆ ಕೆಟ್ಟಿತೆಂದು ಕಾರಣ ಕೊಟ್ಟು ಇಲಾಖೆಗೆ ಕಾಗದ ಬರೆಯಬೇಕಿತ್ತು. ಬರೆಯಲು ಕೂತೆ. ನಾನು ನೀರು ತರಲು ಮರೆತೆ ಎಂದು ಬರೆದರೆ ವಿಜ್ಞಾನದ ಮೇಷ್ಟರ ಮರ್ಯಾದೆ ಏನಾಗಬೇಕು? ಎರಡು ಹಾಳೆ ಹರಿದು, ಮೂರನೆಯದರಲ್ಲಿ, ಮುದ್ದಾದ ಅಕ್ಷರದಲ್ಲಿ, 'ಮನೆಯ ಅವಿದ್ಯಾವಂತ ಸದಸ್ಯರ ಅಜ್ಞಾನದಿಂದ ಬ್ಯಾಟರಿ ಕೆಟ್ಟಿರುತ್ತದೆ' ಎಂದು ಬರೆದೆ. ಫಲಾನುಭವಿ ಅಕ್ಕನಾದ್ದರಿಂದ ಹೆಬ್ಬೆಟ್ಟು ಅವಳದೇ ಬೇಕು. ಕಾಗದ ಹಿಡಿದು ಅವಳ ಮುಂದೆ ಕೂತೆ.

"ಏನಂತ ಬರ್ದಿದ್ದೀಯಪ್ಪ?" ಎಂದಳು.

"ಬ್ಯಾಟ್ರಿಯೇ ಸರಿ ಇರ್ಲಿಲ್ಲ ಅಂತ ಬರೆದಿದ್ದೀನಿ ಅಕ್ಕ."

"ಅಯ್ಯೋ, ಅದರ ಮ್ಯಾಲ್ಯಾಕೆ ಹಾಕ್ತೀಯ? ಕೆಡಿಸಿದ್ದು ನಾನಲ್ವಾ. ನಂದೇ ತಪ್ಪು ಅಂತ ದಿಟವೇ ಬರಿ. ನಂಗೇನು ನಾಚಿಕೆ ಇಲ್ಲ ಬುಡು" ಎಂದು ಹೇಳುತ್ತಲೇ, ನಾನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ಒತ್ತಿದ್ದು ಚೆನ್ನಾಗಿ ಮೂಡಿದೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ಒಂದು ಹಿಡಿ ತೆಂಗಿನ ನಾರು ತೆಗೆದುಕೊಂಡು ಮಸಿ ಉಜ್ಜಿಕೊಂಡಳು.

ಹೊಸ ಬ್ಯಾಟರಿ ಬರಲು ಆರು ತಿಂಗಳು ಹಿಡಿಯಿತು. ಮನೆಯಲ್ಲಿ ಮತ್ತೆ ಲಾಟೀನು ಹತ್ತಿತು, ಮತ್ತೆ ಕೆಮ್ಮು ಬಂತು. ಲಾಟೀನನ್ನು ಅವಳಿಂದ ದೂರ ಇಟ್ಟೆವು. ಒಂದೇ ಹಜಾರದ ಮನೆಯಲ್ಲಿ ದೂರ ಎಂದರೆ ಎಷ್ಟು ದೂರ? ಕೊನೆಗೆ ಅವಳೇ ದೀಪ ಹಚ್ಚುವ ಹೊತ್ತಿಗೆ ಜಗಲಿಗೆ ಎದ್ದುಹೋಗತೊಡಗಿದಳು. "ಕತ್ಲಲ್ಲಿ ನಂಗೇನು ಕೆಲ್ಸ, ನೀನು ಪೇಪರ್ ತಿದ್ಕ ಹೋಗಪ್ಪ" ಎನ್ನುವಳು. ಚಳಿಗಾಲ ಬಂತು. ಚಳಿಯಲ್ಲಿ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದಳು. ಒಳಗೆ ನಾನು ಲಾಟೀನಿನ ಬೆಳಕಲ್ಲಿ ಮಕ್ಕಳ ಉತ್ತರಪತ್ರಿಕೆಗಳ ತಪ್ಪು ಹುಡುಕುತ್ತಿರುತ್ತಿದ್ದೆ. ಕಾಗದದ ವಿಷಯ ಅವಳಿಗೆ ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಮುಂದಿನ ವಾರ ಬಾಟಲಿ ತರಬೇಕು ಅಂದುಕೊಂಡ ಹಾಗೆಯೇ ಅಂದುಕೊಂಡೆ.

ಉಸಿರು ತೀರಾ ಕಟ್ಟಿದಾಗ ರಂಗಪ್ಪನ ಗಾಡಿಯಲ್ಲಿ ರೋಡಿಗೆ ಕರೆತಂದು, ಅಲ್ಲಿಂದ ತಿಪಟೂರಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಕರೆಂಟು ದೀಪ ಇತ್ತು. ಅದನ್ನು ನೋಡುತ್ತ ಮಲಗಿರುತ್ತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ತೀರಿಕೊಂಡಳು. ಎದೆ ಮೊದಲೇ ಹೋಗಿತ್ತು, ಲಾಟೀನಿನಿಂದಲೇ ಹೀಗಾಯಿತು ಎಂದು ಹೇಳಲಾಗದು ಎಂದರು ಡಾಕ್ಟರು. ಒಳ್ಳೆಯವರು. ನನಗೆ ಅಳು ಬಂದದ್ದು ಅವಳ ಕೈಯನ್ನು ಹೊದಿಕೆಯೊಳಗೆ ಇಡುವಾಗ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಮಸಿ ಇದೆಯೇನೋ ಎಂದು ಹುಚ್ಚನಂತೆ ಹುಡುಕಿದೆ. ಆರು ತಿಂಗಳು ಯಾವ ಮಸಿ ಉಳಿಯುತ್ತದೆ? ತಿಥಿಯ ದಿನ, ಜನ ಊಟಕ್ಕೆ ಕೂತಿದ್ದಾಗ, ಜೀಪು ಬಂದು ಹೊಸ ಬ್ಯಾಟರಿ ಇಳಿಸಿತು. ತಂದವನು ರಸೀದಿ ಚಾಚಿ, ಸಿದ್ದಮ್ಮನವರ ಹೆಬ್ಬೆಟ್ಟು ಬೇಕು ಎಂದ. ಎಲೆಯ ಮುಂದೆ ಕೂತಿದ್ದ ರಂಗಪ್ಪ ಎದ್ದುಬಂದು, ಅವನನ್ನು ಕೈಹಿಡಿದು ಪಂಕ್ತಿಯಲ್ಲಿ ಕೂರಿಸಿ ಬಡಿಸಿದ. ನನ್ನ ಕೈಲಿ ಅದೂ ಆಗಲಿಲ್ಲ.

ಅಂದಿನಿಂದ ನಾನು ಬೇರೆ ಮನುಷ್ಯನಾದೆ, ಬ್ಯಾಟರಿಯ ಮಟ್ಟಿಗೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರು ಮುಚ್ಚಳ ತೆರೆದು, ಬಾಟಲಿಯ ನೀರನ್ನು ಗೆರೆಯ ತನಕ ಹಾಕಿ, ಮುಚ್ಚಿ, ಒರೆಸುತ್ತೇನೆ. ಜ್ವರ ಬಂದಾಗಲೂ ತಪ್ಪಿಸಿಲ್ಲ. ಬಾಟಲಿಗಳು ಮನೆಯಲ್ಲಿ ಒಂದು ಡಜನ್ ಇವೆ. ಸರೋಜ ಅವನ್ನು ದೇವರ ಮನೆಯ ಗೂಡಿನಲ್ಲೇ ಇಟ್ಟಿದ್ದಾಳೆ, ಯಾಕೆಂದು ನಾನು ಕೇಳಿಲ್ಲ. ಈ ಬ್ಯಾಟರಿಗೆ ಈಗ ಐದನೆಯ ವರ್ಷ.

ಹೋದ ತಿಂಗಳು ಇಲಾಖೆಯಿಂದ ಒಬ್ಬ ಅಧಿಕಾರಿ ಬಂದರು. ಕೊಟ್ಟ ದೀಪಗಳೆಲ್ಲ ಎಷ್ಟು ವರ್ಷ ಬಾಳಿದವು ಎಂದು ಮನೆಮನೆಗೂ ಹೋಗಿ ಬರೆದುಕೊಳ್ಳುವ ಕೆಲಸ. ಬಂದವರಿಗೆ ಎಳನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ನಾವು ಕಾಫಿ ಕೊಟ್ಟೆವು. ಅವರು ಬ್ಯಾಟರಿಯನ್ನು ನೋಡಿ ಬೆರಗಾದರು. ಉಳಿದ ಕಡೆಗಳಲ್ಲಿ ಎರಡು ವರ್ಷ ದಾಟಿದ್ದೇ ಅಪರೂಪವಂತೆ. "ವಿದ್ಯಾವಂತರ ಮನೆ ಅಂದ್ರೆ ಹೀಗಿರಬೇಕು ಮೇಷ್ಟ್ರೇ" ಎಂದು, ಫಾರಂ ತುಂಬುತ್ತ ತುಂಬುತ್ತ ಹಳೆಯ ಫೈಲು ತಿರುವಿ, ನನ್ನ ಮುದ್ದಾದ ಅಕ್ಷರದ ಕಾಗದವನ್ನು ಹೊರತೆಗೆದರು. ಮೊದಲ ಬ್ಯಾಟರಿ ಕೆಟ್ಟ ಕಾರಣ ಎಂದು ಒಂದು ಅಂಕಣ ಇತ್ತು. ಇಷ್ಟು ವರ್ಷದ ಮೇಲಾದರೂ ಹೇಳಿಬಿಡುವ ಅವಕಾಶ ತಾನಾಗಿ ಬಾಗಿಲಿಗೆ ಬಂದಿದೆ ಅನ್ನಿಸಿತು.

"ಅದು ಸುಳ್ಳು ಸಾರ್. ತಪ್ಪು ನನ್ನದು. ನೀರು ತರಬೇಕಾದವನು ನಾನು, ತರಲಿಲ್ಲ. ತೀರಿಕೊಂಡ ನನ್ನ ಅಕ್ಕ ಅದನ್ನು ಉಳಿಸಲು ಹೋದಳು. ಕಾರಣ ಮೇಷ್ಟರ ಸೋಮಾರಿತನ ಅಂತ ಬರ್ಕೊಳ್ಳಿ" ಎಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. "ಈ ಕಾಲದಲ್ಲಿ ಇಂಥ ತಮ್ಮಂದಿರು ಎಲ್ಲಿ ಸಿಗ್ತಾರೆ ಹೇಳಿ. ಸತ್ತವರ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ಳೋದು! ದೊಡ್ಡ ಮನಸ್ಸು ನಿಮ್ಮದು ಮೇಷ್ಟ್ರೇ" ಎಂದರು. ಇಲ್ಲ ಸಾರ್, ನಿಜ ಎಂದೆ. ನಾನು ಹೇಳಿದಷ್ಟೂ ಅವರಿಗೆ ನನ್ನ ಮೇಲೆ ಗೌರವ ಹೆಚ್ಚುತ್ತಾ ಹೋಯಿತು. ಕೊನೆಗೆ, ಫೈಲಿನಲ್ಲಿ ಫಲಾನುಭವಿಯೇ ಒಪ್ಪಿ ಹೆಬ್ಬೆಟ್ಟು ಹಾಕಿರುವಾಗ ಬೇರೆ ಬರೆಯಲು ನಿಯಮವಿಲ್ಲ ಎಂದು, ಆ ಕಾಗದದ ವಾಕ್ಯವನ್ನೇ ಅಂಕಣಕ್ಕೆ ಇಳಿಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಸರೋಜ ಒಳಗೆ ಹೋದಳು. ಮೇಲಿನದೆಲ್ಲ ಸತ್ಯವೆಂದು ಕೆಳಗೊಂದು ಸಹಿ ಬೇಕು ಎಂದು ಫಾರಂ ನನ್ನ ಮುಂದಿಟ್ಟರು. ಅಂದು ಅಕ್ಕನಿಗೆ ಏನು ಬರೆದಿದೆ ಎಂದು ಗೊತ್ತಿರಲಿಲ್ಲ. ನನಗೆ ಓದಲು ಬರುತ್ತದೆ. ಪೂರ್ತಿ ಓದಿ ಸಹಿ ಹಾಕಿದೆ.